ಇಬ್ಬರಿಗೊಂದು ಜೊತೆ ನೀಕ್ಯಾಪ್

ಚೆಂಡು ಯಾರ ಕೈಗೂ ಸಿಗದೆ ತನ್ನ ಪಾಡಿಗೆ ಗೇಟಿನ ಕಡೆಗೆ ಉರುಳಿಕೊಂಡು ಹೋಗುತ್ತಿದೆ, ಯಾರಾದರೂ ಹಿಡಿಯಬಾರದೇ ಅದನ್ನ, ಆಚೆ ಕಬ್ಬಿನ ಹಾಲಿನ ಗಾಡಿ, ಅದರಾಚೆ ರಸ್ತೆ, ಬಸ್ಸಿನ ಚಕ್ರಕ್ಕೆ ಸಿಕ್ಕಿದರೆ ಮುಗಿಯಿತು — ನೋಡು ಇವಳ ಬುದ್ಧಿಯನ್ನ, ನೀಲಾಂಬಿಕಾಗೆ ಈಗ ಚೆಂಡಿನ ಚಿಂತೆ, ಅಲ್ಲಿ ಕೋರ್ಟಿನ ನಡುವೆ ಸಿಮೆಂಟಿನ ಮೇಲೆ ಸ್ಮೃತಿ ಎಡಮಂಡಿ ಹಿಡಿದುಕೊಂಡು ಮುದುಡಿ ಬಿದ್ದಿರುವಾಗ, ಅವಳ ಸುತ್ತ ಎಲ್ಲರೂ ಬಗ್ಗಿ ನಿಂತಿರುವಾಗ. ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ, ತೆಂಗಿನಕಾಯಿ ಕಲ್ಲಿಗೆ ತಾಗಿದ ಹಾಗೆ, ಒಂದೇ ಸಲ, ಆಮೇಲೆ ಮೇಲುಗಡೆ ಹೊಸಹಳ್ಳಿ ಸ್ಟೇಷನ್ನಿನ ಕಡೆಗೆ ಮೆಟ್ರೋ ಸರಿದು ಹೋದ ಸದ್ದು, ಆಮೇಲೆ ಏನೂ ಇಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನಲವತ್ತಾರು, ನಲವತ್ತೊಂಬತ್ತು — ಕೆಂಗೇರಿಯವರದ್ದು ಜಾಸ್ತಿ, ನಾಲ್ಕು ನಿಮಿಷ ಬಾಕಿ, ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ಲು, ಇದು ಕೈಬಿಟ್ಟರೆ ರಾಜಾಜಿನಗರದ ಕ್ಲಬ್ಬಿನ ಹುಡುಗಿಯರಿಗೆ ಈ ವರ್ಷ ಇನ್ನೇನೂ ಇಲ್ಲ. ಬಂದವರೇ ಏಳು ಜನ, ಮಿಕ್ಕವರಿಗೆ ನಾಳೆ ಪರೀಕ್ಷೆ, ಕ್ಯಾಪ್ಟನ್ ಅಪೂರ್ವ ಐದು ಫೌಲ್ ಮಾಡಿ ಹೊರಗೆ ಬಂದಳು, ಅವಳ ಜಾಗಕ್ಕೆ ಬೆಂಚಿನಿಂದ ಸ್ಮೃತಿ ಹೋದಳು, ಈಗ ಸ್ಮೃತಿಯೂ ಬಿದ್ದಳು, ಏಳರಲ್ಲಿ ಇಬ್ಬರು ಹೋದರೆ ಉಳಿದವರು — ಅಯ್ಯೋ, ಐದನೆಯವಳು ನಾನೇ. ಕೋಚ್ ನಾಗಭೂಷಣ್ ಸಾರ್ ಅಲ್ಲಿಂದಲೇ ತಿರುಗಿ ನೋಡಿದರು, ಎರಡು ವರ್ಷದಲ್ಲಿ ಅವರು ಈ ಕಡೆ ನೋಡಿದ್ದು ನೀರಿನ ಬಾಟಲಿ ಬೇಕಾದಾಗ ಮಾತ್ರ, ಇವತ್ತು ನೋಡಿದ ನೋಟವೇ ಬೇರೆ, ನೀಲಾ ಏಳಮ್ಮ, ಈಗ ನೀನೇ, ಎಂದರು. ಎದೆ ಒಂದೇ ಏಟಿಗೆ ಬಾಯಿಗೆ ಬಂತು, ಬಂದದ್ದು ಹೆದರಿಕೆಯಿಂದಲ್ಲ, ಖುಷಿಯಿಂದ, ಬರೀ ಖುಷಿಯಿಂದ, ಗೆಳತಿ ನೆಲದ ಮೇಲೆ ಒದ್ದಾಡುತ್ತಿದ್ದಾಳೆ, ಇವಳಿಗೆ ಖುಷಿ, ಥೂ ನಿನ್ನ, ಆದರೂ ಕಾಲು ಆಗಲೇ ಕುಣಿಯುತ್ತಿದೆ, ಏನು ಮಾಡುವುದು.

ಯಾವ ಕೋರ್ಟಿಗೆ ಹೋದರೂ ಬೆಂಚಿನ ಕೊನೆ ನೀಲಾ, ಸ್ಮೃತಿ ಇಬ್ಬರದೇ. ನೀಲಾ ಲಗ್ಗೆರೆಯಿಂದ ಎರಡು ಬಸ್ಸು ಬದಲಿಸಿ ಬರಬೇಕು, ಚಪ್ಪಲಿ ಮೆಟ್ಟುವಾಗಲೇ ಅವ್ವ ಹೊನ್ನವ್ವ ಒಳಗಿನಿಂದ ಶುರು ಮಾಡಿರುತ್ತಾಳೆ, ಅಷ್ಟು ದೂರ ಹೋಗಿ ಕುಂತು ಬರ್ತೀಯಲ್ಲವಾ, ಮನ್ಯಾಗ ಕುಂದ್ರಾಕ ಏನಾಗೇತಿ ನಿನಗ, ಅವ್ವ ಹೇಳಿದ್ದರಲ್ಲಿ ತಪ್ಪೇನಿದೆ. ಸ್ಮೃತಿಯೊಬ್ಬಳೇ ಆ ಕೂರುವುದನ್ನೂ ಹಬ್ಬ ಮಾಡಿದ್ದು. ಭಾಷ್ಯಂ ಸರ್ಕಲ್ ಹತ್ತಿರದ ಅಂಗಡಿಯಲ್ಲಿ ಮಂಡಿಗೆ ಹಾಕುವ ನೀಕ್ಯಾಪ್ ನೋಡುತ್ತಾ ನಿಂತಾಗ, ಮುಂದೆ ದಪ್ಪ ಸ್ಪಂಜು, ಕರಿ ಬಣ್ಣ, ಕೂತ್ಕೊಳ್ಳೋಕೆ ಎರಡೆರಡು ಯಾಕೇ, ಒಂದು ಜೊತೆ ತಗೊಂಡು ಹಂಚ್ಕೊಳ್ಳೋಣ ಎಂದವಳು ಅವಳೇ, ಬಲಗಾಲಿನದು ಅವಳಿಗೆ, ಎಡಗಾಲಿನದು ನೀಲಾಗೆ, ಟೀಮಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು, ಆ ದಿನದಿಂದ ಒಂದು ಮ್ಯಾಚಿಗೂ ತಪ್ಪಿಸಿಲ್ಲ, ಅಕ್ಕಪಕ್ಕ ಕೂತರೆ ಇಬ್ಬರೂ ಸೇರಿ ಒಬ್ಬ ಆಟಗಾರ್ತಿ. ಇವತ್ತು ಹಾಫ್‌ಟೈಮಿನಲ್ಲಿ ಸ್ಮೃತಿ ತನ್ನ ಬರಿಯ ಎಡಗಾಲನ್ನು ನೀಲಾಳ ತೊಡೆಯ ಮೇಲೆ ಚಾಚಿ ನೀಲಿ ಜೆಲ್ ಪೆನ್ನು ಕೈಗಿತ್ತಳು, ಬರಿಯೇ ನಂಗೂ ಇನ್ನೊಂದು ಅಂತ. ಬರೆದಳು, ಮಂಡಿಯ ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಸ್ಪಂಜಿನ ಹಾಗೆ ಚೌಕ ಚೌಕ, ಕಚಗುಳಿ ತಾಳಲಾರದೆ ಸ್ಮೃತಿ ಕಾಲು ಕೊಡವಿದ್ದಕ್ಕೆ ಒಂದು ಚೌಕ ಸೊಟ್ಟಗಾಯಿತು, ನೀಲಾ ಅದನ್ನೂ ಬಿಡದೆ ತುಂಬಿದಳು, ಎಷ್ಟು ನಕ್ಕರು. ಆಮೇಲೆ ಅಪೂರ್ವಳ ಐದನೇ ಫೌಲು, ಸಾರ್ ಕರೆದದ್ದು ಸ್ಮೃತಿ ಎಂದು, ನೀಲಾ ಎಂದಲ್ಲ. ಇಬ್ಬರೂ ಒಂದೇ ತಿಂಗಳಲ್ಲಿ ಕ್ಲಬ್ಬು ಸೇರಿದವರು, ಅವಳಿಗಿಂತ ಮುಂಚೆ ಬಂದು ನೆಟ್ ಕಟ್ಟುವವಳು ನಾನು, ಆದರೂ ಅವಳಿಗೇ ಕರೆ. ಸ್ಮೃತಿ ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಕೈ ಚಾಚಿದಳು, ನಿನ್ ನೀಕ್ಯಾಪೂ ಕೊಡೇ, ಬೇಗ. ನೀಲಾ ಏನೆಂದಳು, ಏನೆಂದಳು ಹೇಳು, ಶೂ ಬಿಚ್ಬೇಕು ಕಣೇ, ಟೈಮಿಲ್ಲ, ಸಾರ್ ಕೂಗ್ತಿದಾರೆ ಹೋಗು. ಸ್ಮೃತಿ ಹೋದಳು, ಒಂದು ಮಂಡಿಗೆ ಸ್ಪಂಜು, ಒಂದಕ್ಕೆ ಪೆನ್ನಿನ ಗೆರೆ.

ಸಾರ್ ಒಂದು ಕಡೆ, ಅಪೂರ್ವ ಒಂದು ಕಡೆ ಹೆಗಲು ಕೊಟ್ಟು ಕರೆತರುತ್ತಿದ್ದಾರೆ, ಎಡಗಾಲು ನೆಲಕ್ಕೆ ತಾಗದಂತೆ ತೂಗಾಡುತ್ತಿದೆ, ಸ್ಮೃತಿಯ ಮುಖ ಸುಣ್ಣ, ತುಟಿ ಕಚ್ಚಿ ಹಿಡಿದಿದ್ದಾಳೆ, ಅಳುತ್ತಿಲ್ಲ, ಅತ್ತಿದ್ದರೆ ಒಳ್ಳೆಯದಿತ್ತು. ಆಟೋ ಕರೆಸ್ತೀನಿ ಎಂದು ಸಾರ್ ಹೊರಟರೆ ಸ್ಮೃತಿಯದು ಒಂದೇ ಹಟ, ಅಪ್ಪ ಬಸವೇಶ್ವರನಗರದಿಂದ ಕಾರು ತಗೊಂಡು ಹೊರಟಿದ್ದಾರೆ, ಬರುವವರೆಗೆ ಇಲ್ಲೇ ಕೂರುತ್ತೇನೆ, ಮ್ಯಾಚು ಮುಗಿಯಲಿ ಎಂದು. ಕಬ್ಬಿನ ಹಾಲಿನವನು ಐಸು ಕುಟ್ಟಿ ಕರ್ಚೀಫಿನಲ್ಲಿ ಕಟ್ಟಿ ಕೊಟ್ಟ, ಜೊತೆಗೆ ಚೆಂಡನ್ನೂ ತಂದ, ಪುಣ್ಯಾತ್ಮ. ನೀಲಾ ಮಂಡಿಯನ್ನು ನೋಡಬಾರದು ಅಂದುಕೊಂಡೇ ನೋಡಿದಳು, ಊತ ಆಗಲೇ ಎದ್ದಿದೆ, ಗೆರೆ ಹಾಗೇ ಇದೆ, ಚೌಕಗಳು ಹಾಗೇ ಇವೆ, ಆ ಸೊಟ್ಟ ಚೌಕವೂ. ಸ್ಮೃತಿ ತನ್ನ ಬಲಗಾಲಿನ ಶೂ ಕಿತ್ತು ನೀಕ್ಯಾಪ್ ಎಳೆದು ಮುಂದಕ್ಕೆ ಹಿಡಿದಳು, ತಗೋ, ಎರಡೂ ಹಾಕ್ಕೊಂಡು ಹೋಗು. ಬೇಗ ಬೇಗ ಎಂದು ಯಾರೂ ಕೂಗಲಿಲ್ಲ, ರೆಫ್ರಿ ಸೀಟಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದಾರೆ. ನೀಲಾ ಕೂತು ಲೇಸು ಬಿಚ್ಚಿದಳು, ಬೆಂಚಿನವರಿಗೆ ಎಣಿಸುವ ಚಟ, ಚೆಂಡು ಎಷ್ಟು ಹೊತ್ತು ಯಾರ ಹತ್ತಿರ ಇತ್ತು ಎಂದು ಎಣಿಸಿ ಎಣಿಸಿ, ಮನಸ್ಸು ತಾನೇ ಎಣಿಸತೊಡಗಿತು, ಶೂ ತೆಗೆದು, ನೀಕ್ಯಾಪ್ ಏರಿಸಿ, ಶೂ ಹಾಕಿ ಗಂಟು ಬಿಗಿದು — ಹದಿನೆಂಟು. ಅಷ್ಟೇ. ಟೈಮಿಲ್ಲ ಎಂದಳಲ್ಲ, ಹದಿನೆಂಟು ಎಣಿಕೆಯ ಟೈಮು. ಬಲಮಂಡಿಗೆ ಸ್ಮೃತಿಯ ಬೆವರು ಬೆಚ್ಚಗೆ ತಾಗಿತು.

ಒಳಗೆ ಬಂದ ಮೇಲೆ ಬೇರೆ ಲೋಕ, ಬೆಂಚಿನಿಂದ ಕಾಣುವುದಕ್ಕಿಂತ ಈ ಹುಡುಗಿಯರೆಲ್ಲ ಎಷ್ಟು ಎತ್ತರ, ಎಷ್ಟು ಜೋರು, ಕೈಗೆ ಬಂದ ಮೊದಲ ಚೆಂಡೇ ಜಾರಿ ಗೆರೆಯಾಚೆ ಹೋಯಿತು, ಕೆಂಗೇರಿಯವರು ಕೇಕೆ ಹಾಕಿದರು, ಅಪೂರ್ವ ತಲೆ ಚಚ್ಚಿಕೊಂಡಳು, ಹೋಗಲಿ ಬಿಡು ಮುಂದೆ ನೋಡೇ ಎಂಬ ಕೂಗು ಮಾತ್ರ ಸ್ಮೃತಿಯದು, ಆ ನೋವಿನಲ್ಲೂ ಅವಳ ಗಂಟಲು ಹಾಗೇ ಇದೆ. ನೋಡಿದಳು ನೀಲಾ, ನೋಡುವುದೊಂದು ಬರುತ್ತದಲ್ಲ ಇವಳಿಗೆ, ಎರಡು ವರ್ಷ ಅದನ್ನೇ ಮಾಡಿದ್ದು, ಕೆಂಗೇರಿಯ ಒಂಬತ್ತನೇ ನಂಬರಿನವಳು ಪಾಸ್ ಕೊಡುವ ಮುಂಚೆ ಚೆಂಡನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಾಳೆ, ಯಾವಾಗಲೂ ಎರಡು, ಆಮೇಲೆ ಎಡಕ್ಕೆ, ಇಬ್ಬರೂ ಬೆಂಚಿನಲ್ಲಿ ಅದನ್ನೇ ಆಡಿಕೊಂಡು ನಕ್ಕಿದ್ದರು — ಕುಟ್ಟಿದಳು ಒಂದು, ಕುಟ್ಟಿದಳು ಎರಡು, ನೀಲಾ ಕೈ ಹಾಕಿಯೇಬಿಟ್ಟಳು, ಸಿಕ್ಕಿತು, ಯವ್ವಾ ಸಿಕ್ಕಿತು, ಓಡು, ಬಲಗಡೆ ನಮ್ಮವಳು ಬರುತ್ತಿದ್ದಾಳೆ, ಕೊಟ್ಟಳು, ಹಾಕಿದಳು, ನಲವತ್ತೆಂಟು! ಅವರು ಎರಡು ಹಾಕುತ್ತಾರೆ, ಐವತ್ತೊಂದು, ಹಾಕಲಿ, ಈಗ ಯಾರ ಹೆದರಿಕೆ, ಮೈಯೆಲ್ಲ ಬೆಂಕಿ, ಕಾಲಿಗೆ ನೆಲ ತಾಗುತ್ತಿಲ್ಲ, ಎರಡು ವರ್ಷ ಕೂಡಿಟ್ಟ ಓಟವೆಲ್ಲ ಒಟ್ಟಿಗೆ ಹೊರಗೆ ಬರುತ್ತಿದೆ, ಅವ್ವಾ ನೋಡಬೇಕಿತ್ತು ನೀನು, ಕುಂತಿಲ್ಲ ಇವತ್ತು ನಿನ್ನ ಮಗಳು. ಒಂದು ನಿಮಿಷ ಬಾಕಿ, ನಮ್ಮವಳು ದೂರದಿಂದಲೇ ಎಸೆದಳು, ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ, ದೂರದ್ದಕ್ಕೆ ಮೂರು ಪಾಯಿಂಟು, ಐವತ್ತೊಂದು ಐವತ್ತೊಂದು, ಯಾರೋ ಬೆಂಚಿನ ಹಲಗೆ ಬಡಿಯುತ್ತಿದ್ದಾರೆ, ಯಾರೋ ಏನು, ಸ್ಮೃತಿಯೇ, ಆ ತಾಳ ಅವಳದೇ. ಕೊನೆಯ ಚೆಂಡು ನೀಲಾಳ ಕೈಯಲ್ಲಿದೆ, ಯಾರಿಗಾದರೂ ಕೊಟ್ಟುಬಿಡಲೇ, ಯಾರಿಗೂ ದಾರಿಯಿಲ್ಲ, ನುಗ್ಗು, ನುಗ್ಗಿದಳು, ಹಾರಿದಳು, ಒಂಬತ್ತನೇ ನಂಬರಿನವಳ ಮೊಣಕೈ ಬಂತು, ಆಕಾಶ, ಮೆಟ್ರೋ ಕಂಬ, ಸಿಮೆಂಟು — ಎಡಮಂಡಿಯ ಮೇಲೆ ಬಿದ್ದಳು, ಪೂರ್ತಿ ಭಾರ ಎಡಮಂಡಿಯ ಮೇಲೆ, ತೆಂಗಿನಕಾಯಿಯ ಸದ್ದು ಬರಲಿಲ್ಲ, ಮೆತ್ತನೆಯ ಧೊಪ್ ಎಂದಿತು ಅಷ್ಟೇ, ಎದ್ದಳು, ಏನೂ ಆಗಿಲ್ಲ, ಒಂದು ಗೀರು ಕೂಡ ಇಲ್ಲ. ರೆಫ್ರಿ ಫೌಲ್ ಕೊಟ್ಟರು, ಎರಡು ಫ್ರೀ ಥ್ರೋ, ಮೂರು ಸೆಕೆಂಡು ಬಾಕಿ, ಎಲ್ಲರೂ ಬೆನ್ನು ತಟ್ಟುತ್ತಿದ್ದಾರೆ, ಇವಳು ಬಗ್ಗಿ ತನ್ನ ಎಡಮಂಡಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ.

ಗೆರೆಯ ಮೇಲೆ ನಿಂತರೆ ರಿಂಗು ಇಷ್ಟೇ ಇಷ್ಟು, ಮೊದಲನೆಯದು ರಿಂಗಿಗೆ ಬಡಿದು ಆಚೆ ಹಾರಿತು, ಅಯ್ಯೋ ಎಂದು ಇಡೀ ಕೋರ್ಟು, ಸಾರ್ ಕಣ್ಣು ಮುಚ್ಚಿಕೊಂಡರು, ಸ್ಮೃತಿ ಮಾತ್ರ ಹಲಗೆ ಬಡಿಯುವುದನ್ನು ನಿಲ್ಲಿಸಿ ಬೆರಳೆತ್ತಿ ತೋರಿಸಿದಳು, ಇನ್ನೊಂದಿದೆ. ಇನ್ನೊಂದಿದೆ, ಉಸಿರು ಬಿಡು, ಮಂಡಿ ಬಗ್ಗಿಸು, ಮಂಡಿಯಿಂದಲೇ ಎಸೆತ ಬರುವುದು ಎಂದು ಸಾರ್ ಸಾವಿರ ಸಲ ಹೇಳಿದ್ದಾರೆ, ಬಗ್ಗಿಸಿದಳು, ಎರಡೂ ಮಂಡಿ, ಒಂದು ತನ್ನದು ಒಂದು ಅವಳದು, ಬಿಟ್ಟಳು, ಚೆಂಡು ನೆಟ್ಟಿನೊಳಗಿಂದ ಹಾಯುವ ಸಣ್ಣ ಸದ್ದು, ಐವತ್ತೆರಡು, ಅವರು ಎಸೆದದ್ದು ಅರ್ಧ ಕೋರ್ಟಿಗೂ ಬರಲಿಲ್ಲ, ಸೀಟಿ, ಗೆದ್ದೆವು, ಗೆದ್ದೇಬಿಟ್ಟೆವು, ಅಪೂರ್ವ ಎತ್ತಿ ಸುತ್ತು ಹೊಡೆಸಿದಳು, ಸಾರ್ ಹಿರಿಯರೆಂಬುದನ್ನೂ ಮರೆತು ಕುಣಿಯುತ್ತಿದ್ದಾರೆ, ನೀಲಾ ನೀಲಾ ಎನ್ನುತ್ತಿದ್ದಾರೆ, ತನ್ನ ಹೆಸರು ಇಷ್ಟು ಜೋರಾಗಿ ಕೇಳಿದ್ದು ಇದೇ ಮೊದಲು, ಕಿವಿ ತುಂಬಿ ಹೋಯಿತು, ಎಲ್ಲರ ಕೈಯಿಂದ ಬಿಡಿಸಿಕೊಂಡು ಬೆಂಚಿನ ಕೊನೆಗೆ ಓಡಿದಳು, ಸ್ಮೃತಿ ಎರಡೂ ಕೈ ಚಾಚಿದ್ದಾಳೆ, ಅಪ್ಪಿಕೊಂಡಳು, ಅಪ್ಪಿಕೊಂಡವಳ ಬಾಯಿಂದ ಗೆದ್ವಿ ಕಣೇ ಎಂಬುದು ಬರಬೇಕಿತ್ತು, ಬಂದದ್ದು ಬೇರೆ, ಟೈಮ್ ಇತ್ತು ಕಣೇ, ಆಗ, ನೀನು ಕೇಳ್ದಾಗ, ಟೈಮ್ ಇತ್ತು. ಗೊತ್ತು, ನಿನ್ ಮುಖ ನೋಡಿದ್ನಲ್ಲ, ಎಂದಳು ಸ್ಮೃತಿ, ಕಿವಿಯ ಹತ್ತಿರವೇ, ಕೋಪವಿಲ್ಲ, ನಗುವೂ ಇಲ್ಲ, ಆಮೇಲೆ, ಈಗ ಬಿಚ್ಚೇ ನಿನ್ ನೀಕ್ಯಾಪ್‌ನ, ಐಸ್ ಜಾರ್ತಿದೆ, ಅದರಲ್ಲಿ ಹಿಡಿದು ಕೂರಿಸು. ನೀಲಾ ನೆಲದ ಮೇಲೆ ಕೂತು ಲೇಸು ಬಿಚ್ಚಿದಳು, ಒಂದು, ಎರಡು, ಹಿಂದುಗಡೆ ಕೂಗು ಇನ್ನೂ ನಿಂತಿಲ್ಲ, ಎಡಗಾಲಿನ ಶೂ ತೆಗೆದು ನೀಕ್ಯಾಪ್ ಎಳೆದಳು, ಒಂಬತ್ತು, ಹತ್ತು, ಸ್ಮೃತಿಯ ಶೂ ಮೆಲ್ಲಗೆ ಕಳಚಿ ಪಾದಕ್ಕೆ ತೂರಿಸಿದಳು, ಹಿಮ್ಮಡಿ ದಾಟಿತು, ಮೀನಖಂಡ ದಾಟಿತು, ಹದಿನಾರು, ಹದಿನೇಳು, ಅಲ್ಲೇ ನಿಂತಿತು, ಮೇಲೆ ಏರುತ್ತಿಲ್ಲ, ಇನ್ನಷ್ಟು ಹಿಗ್ಗಿಸಿದರೂ ಏರುತ್ತಿಲ್ಲ, ಮಂಡಿ ಅಷ್ಟು ಊದಿದೆ, ಐಸಿನ ನೀರಿಗೆ ಶಾಯಿ ಕರಗಿ ಬಿಳಿ ಸಾಕ್ಸಿನವರೆಗೆ ಇಳಿದಿದೆ, ಕೆಳಗಿನ ಗೆರೆ ಹೋಗಿದೆ, ಮೇಲಿನ ಗೆರೆ ಹೋಗಿದೆ, ಊತದ ನೆತ್ತಿಯ ಮೇಲೆ ಒಂದೇ ಒಂದು ಚೌಕ ಉಳಿದಿದೆ, ತಾನೇ ತುಂಬಿದ್ದು, ನೀಲಿ, ಸೊಟ್ಟ ಚೌಕ, ಬರಿಯ ಚರ್ಮದ ಮೇಲೆ, ಹದಿನೇಳು, ಹದಿನೇಳು, ಸೊಟ್ಟ ಚೌಕ —