ಅಜ್ಜಿಗೆ ತಲುಪಲಿ ಈ ವಾಸನೆ

ನಮ್ಮ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಗಳಲ್ಲಿ ಒಂದು ಕಾಯಿಲೆಯಿದೆ. ಅದು ರೋಗಿಗಳಿಗಲ್ಲ, ತರಬೇತಿಯಲ್ಲಿರುವ ಡಾಕ್ಟರುಗಳಿಗೇ ಬರುತ್ತದೆ. ಏನು ಕೇಳಿದರೂ “ಏನಿಲ್ಲ, ಚೆನ್ನಾಗಿದ್ದೀನಿ” ಎನ್ನುವುದೇ ಅದರ ಲಕ್ಷಣ.

ಬೆಗಾಯಿಮ್‌ಗೆ ಅದು ಜೋರಾಗಿಯೇ ಬಡಿದಿತ್ತು. ನರಿನ್ ಬೆಟ್ಟದ ಊರಲ್ಲಿ ಅವಳನ್ನು ಸಾಕಿದ ಅಜ್ಜಿ ತೀರಿಕೊಂಡಾಗ ಇವಳು ಡ್ಯೂಟಿಯಲ್ಲಿದ್ದಳು. ಮಣ್ಣಿಗೆ ಹೋಗಲಾಗಲಿಲ್ಲ. ಅಳಲೂ ಇಲ್ಲ. ನಮಾಜಿನ ಚಾಪೆ ಮಂಚದಡಿ ಸೇರಿತು. ವಾರ್ಡಿನಲ್ಲಿ ಯಾವ ಮುದುಕಿ ಕೆಮ್ಮಿದರೂ ಬೆಚ್ಚಿ ತಿರುಗುತ್ತಿದ್ದಳು. ಹೊಗೆ, ಹುಳಿಹಾಲು ಬೆರೆತ ಅಜ್ಜಿಯ ತಲೆವಸ್ತ್ರದ ವಾಸನೆಗಾಗಿ ಜೀವ ಹಂಬಲಿಸುತ್ತಿತ್ತು. ಕೊನೆಗೆ, “ಓದು ಸಾಕು, ಊರಲ್ಲಿ ಕುರಿ ಕಾಯ್ತೀನಿ” ಎಂದು ಬಟ್ಟೆ ಕಟ್ಟಿಟ್ಟಳು.

ಜೊತೆಗೆ ಓದುವ ಉಲಾನ್ ಹೇಳಿ ನೋಡಿದ.

“ಮನಸ್ಸಿನ ಡಾಕ್ಟರು ನಮ್ಮಲ್ಲೇ ಇದಾರಲ್ಲೇ. ನಾನೂ ಹೋಗಿದ್ದೆ.”

“ಡಾಕ್ಟರಿಗೇ ಡಾಕ್ಟರಾ? ರೋಗಿಗಳು ನಕ್ಕಾರು!”

“ಹಲ್ಲಿನ ಡಾಕ್ಟರು ತನ್ನ ಹಲ್ಲು ತಾನೇ ಕಿತ್ಕೋತಾನಾ?”

“ಹೋಗೋ. ಅಳೋಕೂ ಟೈಮಿಲ್ಲ ನಂಗೆ.”

ಗುರುವಾರ ಸಂಜೆ ಅವಳ ಫೋನು ರಿಂಗಾಯಿತು. ಪ್ರೊಫೆಸರ್ ತುರ್ಗುನ್‌ಬಾಯೆವರ ಗೊಗ್ಗರು ದನಿ: “ಹ್ಞೂಂ... ಬೆಗಾಯಿಮ್! ಹಾಸ್ಟೆಲಿನ ಅಡುಗೆಮನೇಲಿ ಒಬ್ಬಳಿಗೆ ಉಸಿರು ಕಟ್ಟಿದೆ. ಓಡು!”

ಸ್ಟೆತಸ್ಕೋಪ್ ಹಿಡಿದು ಓಡಿದಳು. ಅಲ್ಲಿ ಕಾದ ಎಣ್ಣೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳು ಉಬ್ಬಿ ತೇಲುತ್ತಿದ್ದವು. ಸೌಟು ಹಿಡಿದು ನಿಂತವನು ಉಲಾನ್.

“ಯಾರಿಗೋ ಉಸಿರು ಕಟ್ಟಿರೋದು?”

“ನಿಂಗೇ ಕಣೇ,” ಎಂದ, ಅದೇ ಗೊಗ್ಗರು ದನಿಯಲ್ಲಿ. ಆಮೇಲೆ ತನ್ನ ದನಿಯಲ್ಲಿ, “ಅಜ್ಜಿ ಹೆಸರಲ್ಲಿ ಒಂದ್ಸಲನಾದ್ರೂ ಎಣ್ಣೆ ಕಾಯಿಸಿದ್ಯಾ? ಸತ್ತೋರಿಗೆ ತಲುಪೋದು ಈ ವಾಸನೆ ತಾನೆ? ಪಾಪ, ಮೂಗರಳಿಸ್ಕೊಂಡು ಕಾಯ್ತಿರ್ತಾಳೆ.”

ಬೆಗಾಯಿಮ್ ಸ್ಟೆತಸ್ಕೋಪ್ ಪಕ್ಕಕ್ಕಿಟ್ಟಳು. ಒಲೆಯ ಪಕ್ಕ ಕೂತು ಪ್ರಾರ್ಥನೆ ಶುರು ಮಾಡಿದಳು. ಅರ್ಧದಲ್ಲೇ ನಿಲ್ಲಿಸಿದಳು. ಬಿಕ್ಕಿ ಬಿಕ್ಕಿ ಅತ್ತಳು. ಉಲಾನ್ ಸುಮ್ಮನಿರು ಎನ್ನಲಿಲ್ಲ. ಅವಳು ಬಿಟ್ಟಲ್ಲಿಂದ ತಾನು ಮುಂದುವರಿಸಿದ. ಪ್ರಾರ್ಥನೆ ಮುಗಿಸಿ ಇಬ್ಬರೂ ಅಂಗೈಯಿಂದ ಮುಖ ಸವರಿಕೊಂಡರು.

ಫೋನು ಮತ್ತೆ ರಿಂಗಾಯಿತು.

“ಹ್ಞೂಂ... ಬೆಗಾಯಿಮ್!”

“ಸಾಕು ನಿಲ್ಲಿಸೋ, ಮಂಗ! ಆ ಮುದಿ ಟಗರಿನ ದನಿ ಇನ್ನೊಂದ್ಸಲ ತೆಗೆದ್ರೆ ನಾಲಿಗೆಗೆ ಹೊಲಿಗೆ ಹಾಕ್ತೀನಿ!”

ತಲೆಯೆತ್ತಿದರೆ ಉಲಾನ್ ಎದುರಿಗೇ ಇದ್ದ. ಬಾಯಿ ತುಂಬ ಬೋರ್ಸೋಕ್, ಕಣ್ಣು ಗುಡ್ಡೆ ಹೊರಗೆ.

ಫೋನಿನಲ್ಲಿ ಪ್ರೊಫೆಸರ ದನಿ ಮುಂದುವರಿಯಿತು: “ಮುದಿ ಟಗರು ಕಿಟಕಿ ಕೆಳಗೇ ನಿಂತಿದೆ, ಮಗಳೇ. ಓದು ಬಿಡ್ತೀಯಂತೆ, ಮಾತಾಡೋಣ ಅಂತ ಬಂದೆ. ವಾಸನೆ ಇಲ್ಲೀವರೆಗೂ ಬಂತು. ನಮ್ಮಮ್ಮನ ಹೆಸರಲ್ಲೂ ಎರಡು ಹಾಕು. ನಾಳೆ ಆ ಮನಸ್ಸಿನ ಡಾಕ್ಟರ ಹತ್ರ ಹೋಗು. ನಾನು ಓದೋವಾಗ ಅಂಥೋರು ಇರಲಿಲ್ಲ. ನಾನು ಇನ್ನೂ ಅತ್ತಿಲ್ಲ.”

“ಹೋಗ್ತೀನಿ ಸರ್. ಆಮೇಲೆ ರಜೆ ಕೊಡಿ. ಅಜ್ಜಿ ಮಣ್ಣು ನೋಡ್ಕೊಂಡು ವಾಪಸ್ ಬರ್ತೀನಿ.”

ಬಿಳಿ ಕೋಟು ತೊಟ್ಟವರೇ, “ಏನಿಲ್ಲ” ಎಂದು ನುಂಗಿಕೊಳ್ಳಬೇಡಿ. ಒಬ್ಬರಿಗಾದರೂ ಹೇಳಿಕೊಳ್ಳಿ. ನಿಮಗೆ ನಂಬಿಕೆಯಿದ್ದ ಪ್ರಾರ್ಥನೆಗೆ ಮರಳಿ ಕೂರಿ. ಮನಸ್ಸಿನ ಡಾಕ್ಟರ ಬಾಗಿಲು ತಟ್ಟಲು ನಾಚಬೇಡಿ. ಅಳು ಬಂದರೆ ಅತ್ತುಬಿಡಿ, ಅದರ ಹಿಂದೆ ಏನು ಬರುತ್ತದೋ ಯಾರಿಗೆ ಗೊತ್ತು? ಅಂದು ಪ್ರೊಫೆಸರು ಮೆಟ್ಟಿಲು ಹತ್ತಿ ಬಂದು “ಟಗರಿಗೆ ತಟ್ಟೆ ಎಲ್ಲಿ?” ಎಂದಾಗ, ಎಲ್ಲರಿಗಿಂತ ಜೋರಾಗಿ ನಕ್ಕವಳು ಬೆಗಾಯಿಮೇ.