ಗಟ್ಟಿ ಮೊಣಕಾಲಿನ ಬ್ಯಾಂಡೇಜ್

ಕಾರ್ಕಳದಲ್ಲಿ ರಾಜ್ಯ ಜೂನಿಯರ್ ಕುಸ್ತಿ ತಂಡದ ಆಯ್ಕೆ ನಡೆಯುತ್ತಿತ್ತು. ನಿಖಿತಾಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಅವಳಿಗೆ ಪೆಟ್ಟಾಗಿದ್ದದ್ದು ಎಡ ಮೊಣಕಾಲಿಗೆ, ಬ್ಯಾಂಡೇಜ್ ಸುತ್ತಿಕೊಂಡದ್ದು ಗಟ್ಟಿಯಿದ್ದ ಬಲ ಮೊಣಕಾಲಿಗೆ. ಎದುರಾಳಿ ಮೋಸಹೋಗಿ ಅದಕ್ಕೇ ಕೈ ಹಾಕಲಿ ಎಂಬ ಉಪಾಯ. ಇದು ಗೊತ್ತಿದ್ದದ್ದು ಬೆಳಿಗ್ಗೆ ಬ್ಯಾಂಡೇಜ್ ಸುತ್ತಿಕೊಟ್ಟ ಆಶ್ಲಿಗೆ ಮಾತ್ರ. ಹಿರಿಯಡ್ಕದಲ್ಲಿ ಇಬ್ಬರೂ ವರ್ಷಗಟ್ಟಲೆ ಒಂದೇ ಮ್ಯಾಟಿನ ಮೇಲೆ ಬಿದ್ದು ಎದ್ದು ಕಲಿತವರು.

ಸೀಟಿ ಊದಿದ್ದೇ ತಡ, ಎದುರಾಳಿ ಶರೋನ್ ಬ್ಯಾಂಡೇಜಿನ ಕಡೆ ಕಣ್ಣು ಕೂಡ ಹಾಯಿಸದೆ ನುಗ್ಗಿ ಬಂದು ಎಡಗಾಲನ್ನೇ ತಬ್ಬಿ ಎಳೆದಳು. ನೋವಿಗೆ ನಿಖಿತಾ ಕುಸಿದಳು. ಎರಡೂ ಭುಜ ಮ್ಯಾಟಿಗೆ ಅಂಟಿದವು, ತಂಡದ ಜಾಗ ಶರೋನ್ ಪಾಲಾಯಿತು.

ಆಶ್ಲಿ ನೀರು ಹಿಡಿದು ಓಡಿ ಬಂದಳು.

“ಅವಳಿಗೆ ಎಂತ ಹೇಳಿದ್ದಿ ನೀನು?” ನಿಖಿತಾ ಕೇಳಿದಳು.

“ಶರೋನ್ ನನ್ನ ಕಸಿನ್ ಅಲ್ವಾ ಮಾರಾಯ್ತಿ. ನಿನ್ನೆ ಮನೆಗೆ ಬಂದು ನಿನಗೆ ಯಾವ ಕಾಲಿಗೆ ಪೆಟ್ಟು ಅಂತ ಕೇಳಿದಳು. ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ.”

“ಬೆಳಿಗ್ಗೆ ಬ್ಯಾಂಡೇಜ್ ಸುತ್ತುವಾಗ ಆದ್ರೂ ನನಗೆ ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀನು ಮತ್ತೆ ನನ್ನೊಟ್ಟಿಗೆ ಮಾತಾಡ್ತಿದ್ದೆಯಾ?”

“ಇಲ್ಲ,” ಅಂದಳು ನಿಖಿತಾ, “ಆದ್ರೆ ಎಡಗಾಲು ಹಿಂದೆ ಇಟ್ಟು ಆಡ್ತಿದ್ದೆ.”