ಮೂರು ಬಾಟಲಿ ಮೈಸೂರು ನೀರು

೧

ಈ ಕತೆಯನ್ನು ಮೈಸೂರಿನಿಂದ ಶುರು ಮಾಡಬೇಕೋ ನರಸಿಂಹರಾಜಪುರದಿಂದಲೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಮೈಸೂರಿನಿಂದ ಅಂದರೆ, ನಾನು ಆ ಊರು ನೋಡಿದ್ದು ಹೈಸ್ಕೂಲ್ ಟೂರಿನಲ್ಲಿ, ಅದೂ ಮುಂದಿನ ಸೀಟಿನವನ ತಲೆಯ ಸಂದಿಯಿಂದ. ಎನ್.ಆರ್.ಪುರದಿಂದ ಅಂದರೆ, ಮೊದಲ ವಾಕ್ಯಕ್ಕೇ ಮಳೆ ಬಂದುಬಿಡುತ್ತದೆ. (ಬಂದಿತ್ತು. ಹೊಡೆದುಹಾಕಿದ್ದೇನೆ.)

ಎರಡನೇ ಡ್ರಾಫ್ಟು ಹೀಗಿತ್ತು: ‘ಸುಮನಾ ಕಿಟಕಿಯಾಚೆ ನೋಡುತ್ತಾ ನಿಂತಳು.’ ಅಷ್ಟು ಬರೆಯುವುದರೊಳಗೆ ಅವಳು ನನ್ನ ಕಡೆ ತಿರುಗಿದಳು.

“ಯಾವ ಕಿಟಕಿ ಸಾರ್? ಇನ್ನೂ ಮನೇನೇ ಸಿಕ್ಕಿಲ್ಲ.”

ನ್ಯಾಯವಾದ ಮಾತು. ಕಿಟಕಿಯನ್ನೂ ಹೊಡೆದುಹಾಕಿದೆ.

೨

ಸುಮನಾಳ ವಿಷಯ ಇಷ್ಟು. ಮನೆ ಎನ್.ಆರ್.ಪುರ. ಕೊಪ್ಪದ ಒಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಕೆಮಿಸ್ಟ್ರಿಯ ಗೆಸ್ಟ್ ಲೆಕ್ಚರರ್. ನೆಂಟರು ಕೂಡ ಇಷ್ಟು ವರ್ಷ ಉಳಿದರೆ ಮನೆಯವರಾಗುತ್ತಾರೆ. ಇವಳು ಮಾತ್ರ ಗೆಸ್ಟಾಗಿಯೇ ಉಳಿದಿದ್ದಳು. ಎರಡು ಸಾವಿರದ ಏಳರಲ್ಲಿ ಸರ್ಕಾರಿ ನೌಕರಿ ಬಂತು. ಜಾಗ ಮೈಸೂರು. ತಿಂಗಳೊಳಗೆ ಹಾಜರಾಗದಿದ್ದರೆ ಕೆಲಸ ಹೋಯಿತು. ವಯಸ್ಸಿನ ಮಿತಿ ದಾಟುತ್ತಿದ್ದುದರಿಂದ ಇನ್ನೊಮ್ಮೆ ಅರ್ಜಿ ಹಾಕುವ ಹಾಗೂ ಇರಲಿಲ್ಲ.

ಗಂಡ ರೇಣುಕಾಪ್ರಸಾದನಿಗೆ ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪಿನ ಅಂಗಡಿ. ನೋಡಿಕೊಳ್ಳಲು ತಮ್ಮನಿದ್ದಾನೆ. ಅತ್ತೆ ವೀರಬಸಮ್ಮನವರ ಕೈಕಾಲು ಸೊಸೆಯದಕ್ಕಿಂತ ಗಟ್ಟಿ. ಬೇಡ ಎನ್ನಲು ಯಾರಿಗೂ ಕಾರಣವಿರಲಿಲ್ಲ. ಕಾರಣವಿದ್ದರೂ ನಮ್ಮ ಕಡೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣು ಕೇಳಿ, ಏಣಿ ಕೇಳಿ, “ನೋಡಾನ” ಅನ್ನುತ್ತಾರೆ. ಕೇಳಿದವನು ಅರ್ಥ ಮಾಡಿಕೊಂಡು, ಕಾಫಿ ಕುಡಿದು ಎದ್ದು ಹೋಗುತ್ತಾನೆ.

ಸುಮನಾಳಿಗೂ “ನೋಡಾನ” ಅಂದರು. ಅವಳು ಅರ್ಥವಾಗದವಳ ಹಾಗೆ, “ಯಾವತ್ತು ನೋಡಾನ?” ಅಂದಳು. ಹಾಗಾಗಿ ಗಂಡಹೆಂಡತಿ ಮೈಸೂರಿಗೆ ಮನೆ ನೋಡಲು ಹೋಗಲೇಬೇಕಾಯಿತು.

ಹೊರಡುವಾಗ ವೀರಬಸಮ್ಮ ಮೂರು ಖಾಲಿ ಪ್ಲಾಸ್ಟಿಕ್ ಬಾಟಲಿ ತಂದು ಸೊಸೆಯ ಕೈಗಿಟ್ಟರು. “ಮನೆ ಹೆಂಗಾದ್ರೂ ಇರ್ಲಿ ತಾಯಿ, ನೀರು ತಂದು ತೋರ್ಸು. ಬೇಳೆ ಬೇಯದಿರ ಊರಲ್ಲಿ ಸಂಸಾರ ಮಾಡಕ್ಕಾಗಲ್ಲ.” ಅವರ ಅಕ್ಕ ಹೊನ್ನಕ್ಕನನ್ನು ಬಯಲುಸೀಮೆಗೆ ಕೊಟ್ಟಿದ್ದರು. ಅಲ್ಲಿಯ ನೀರಿನಲ್ಲಿ ಬೇಳೆ ಬೇಯಿಸುತ್ತಲೇ ಆಕೆಯ ಆಯುಷ್ಯ ಮುಗಿಯಿತು ಎಂಬುದು ಆ ಮನೆಯ ಪುರಾಣ. ಗಡಸು ನೀರಿನ ಪಾಠ ಮಾಡಲೆಂದೇ ನೇಮಕವಾದ ಸುಮನಾ ಬಾಟಲಿಗಳನ್ನು ಸುಮ್ಮನೆ ಬ್ಯಾಗಿಗೆ ಹಾಕಿಕೊಂಡಳು.

೩

ಇನ್ನು ಬಡಾವಣೆಗಳು. (ಹೆಸರು ನನ್ನವು. ಮೈಸೂರಿನವರು ಜಗಳಕ್ಕೆ ಬರಬೇಡಿ.)

ಶ್ರೀಗಂಧನಗರದಲ್ಲಿ ಶ್ರೀಗಂಧ ಬಿಟ್ಟು ಎಲ್ಲ ವಾಸನೆಯೂ ಇತ್ತು. ಮನೆ ತೋರಿಸಿದವರು ಜಾತಿ ಕೇಳುವಷ್ಟು ಒರಟರಲ್ಲ, “ನಿಮ್ಮ ಮನೇಲಿ ಅಡುಗೆ ಏನೇನು ಮಾಡ್ತೀರ?” ಅಂದರು. ರೇಣುಕಾಪ್ರಸಾದ ಹಣೆಯ ವಿಭೂತಿ ಕಾಣುವಂತೆ ಕೂದಲು ಹಿಂದಕ್ಕೆ ಸರಿಸಿದ. ಅಡುಗೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೊರಗೆ ಬಂದ ಮೇಲೆ ಅವನು, “ಗೋಡೆಗೆ ಗೋಡೆ. ಪಕ್ಕದ್ಮನೆಯೋನು ಸೀನಿದ್ರೆ ನಾವು ಮೂಗು ಒರೆಸ್ಕಬೇಕು,” ಅಂದ.

ವಿಶ್ರಾಂತಿ ಬಡಾವಣೆಯಲ್ಲಿ ಎಲ್ಲರೂ ರಿಟೈರ್ಡ್, ನಾಯಿಗಳೂ ಸೇರಿದಂತೆ. ಆ ಮನೆಯ ಯಜಮಾನರು, “ಮಲೆನಾಡಿನವರಿಗೆ ಮನೆ ಕೊಟ್ಟರೆ ಹಲಸಿನಹಣ್ಣಿನ ಜೊತೆ ಒಂದು ಬಸ್ ನೆಂಟರೂ ಬಂದಿಳೀತಾರಂತೆ, ಹೌದೇ?” ಎಂದು ವಿಚಾರಿಸಿದರು. ಸುಮನಾ ನಕ್ಕಳು. ರೇಣುಕಾಪ್ರಸಾದ ನಗಲಿಲ್ಲ. ಅವನ ಸೋದರತ್ತೆಯರೇ ಅರ್ಧ ಬಸ್ಸಿನಷ್ಟಿದ್ದರು.

ಮೂರನೆಯದು ರಿಂಗ್ ರೋಡಿನಾಚೆಯ ಲೇಕ್ ವ್ಯೂ ಲೇಔಟ್. ಕೆರೆ ಎಲ್ಲಿ ಎಂದು ಕೇಳಿದರೆ, ನೀವು ಅದರ ಮೇಲೇ ನಿಂತಿದ್ದೀರಿ ಅಂದರು. ಸೈಟಿನ ಕಲ್ಲುಗಳು, ಗಾಳಿ, ಅಲ್ಲೊಂದು ಇಲ್ಲೊಂದು ಮನೆ. ಅಂಥದೊಂದು ಮನೆಯ ಅಡುಗೆಮನೆಗೆ ಹೋದ ಸುಮನಾ ಒಳಗಿನಿಂದ ಬಾಗಿಲು ಹಾಕಿಕೊಂಡಳು. ಎನ್.ಆರ್.ಪುರದ ಅಡುಗೆಮನೆಗೆ ಮೂರು ಬಾಗಿಲು, ಒಂದಕ್ಕೂ ಚಿಲಕವಿಲ್ಲ. ಮದುವೆಯಾದಂದಿನಿಂದ ಅವಳು ಅನ್ನಕ್ಕಿಟ್ಟು ಪುಸ್ತಕ ಹಿಡಿದಾಗೆಲ್ಲ ಯಾರೋ ಒಬ್ಬರು ಒಳಗೆ ಬಂದು, “ಎಂತ ಓದದು?” ಅಂದಿದ್ದಾರೆ. ಅವಳು ಒಳಗೆ ಎಷ್ಟು ಹೊತ್ತಿದ್ದಳೋ ನನಗೆ ಗೊತ್ತಿಲ್ಲ. ಬಾಗಿಲು ಹಾಕಿತ್ತು.

ಹೊರಗೆ ಬಂದು, “ಇದು ಸಾಕು ರೀ,” ಅಂದಳು.

“ಸುತ್ತ ಒಂದು ನರಪಿಳ್ಳೆ ಇಲ್ಲಲ ಮಾರಾಯ್ತಿ,” ಅಂದ ರೇಣುಕಾಪ್ರಸಾದ.

(ಬೆಳಿಗ್ಗೆ ಜನ ಜಾಸ್ತಿ ಅಂದವನೂ ಇವನೇ. ನೆನಪಿಟ್ಟುಕೊಳ್ಳಿ.)

೪

ಮೂರು ಮನೆಯ ನೀರೂ ಒಂದೊಂದು ಬಾಟಲಿಗೆ ತುಂಬಿಯಾಗಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ರೇಣುಕಾಪ್ರಸಾದನಿಗೆ ಬಾಯಾರಿತು. ಮಸಾಲೆ ದೋಸೆಯ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡಿದ್ದ. ಹಾಸನ ದಾಟುವಾಗ ಶ್ರೀಗಂಧನಗರವನ್ನು ಕುಡಿದ. ಬೇಲೂರಿನಲ್ಲಿ ವಿಶ್ರಾಂತಿ ಬಡಾವಣೆ. ಬಾಳೆಹೊನ್ನೂರಿನ ತಿರುವುಗಳಲ್ಲಿ ಕುಡಿದದ್ದೆಲ್ಲ ವಾಪಸು ಬಂತು. ಲೇಕ್ ವ್ಯೂನಿಂದ ಬಾಯಿ ಮುಕ್ಕಳಿಸಿದ.

“ಅವ್ವಂಗೆ ಹೇಳ್ಬ್ಯಾಡ,” ಅಂದ ಹೆಂಡತಿಗೆ. “ನಮ್ ಬಾವಿ ನೀರೇ ತುಂಬ್ಸಿಟ್ರೆ ಆತು. ಬೇಳೆ ಬೇಯ್ತದೆ, ನಿನ್ ಕೆಲ್ಸನೂ ಆಗ್ತದೆ.”

ಸುಮನಾಳಿಗೆ ಆ ಗಳಿಗೆಯಲ್ಲಿ ಗಂಡನ ಮೇಲೆ ನಿಜವಾದ ಪ್ರೀತಿ ಉಕ್ಕಿತು. ಹಿತ್ತಿಲ ಬಾವಿಯಿಂದ ಒಂದೇ ಕೊಡ ಸೇದಿ ಮೂರೂ ಬಾಟಲಿ ತುಂಬಿಸಿದಳು.

(ನೀರಿನಲ್ಲಿ ಸಂಕೇತ ಹುಡುಕುವ ವಿಮರ್ಶಕರು ದಯವಿಟ್ಟು ಆಚೆ ಹೋಗಿ. ಬೇಳೆ ತೊಳೆಯುವುದಿದೆ.)

೫

ಮೂರು ಒಲೆ, ಮೂರು ಪಾತ್ರೆ, ಒಂದೇ ಡಬ್ಬದ ತೊಗರಿಬೇಳೆ. ಕುಕ್ಕರು ಕೂಡದು, ಕುಕ್ಕರು ನೀರಿನ ತಪ್ಪನ್ನು ಮುಚ್ಚುತ್ತದೆ ಎಂಬುದು ವೀರಬಸಮ್ಮನವರ ಮತ. ಆಮೇಲೆ ಅವರು ಒಂದೊಂದು ಪಾತ್ರೆಯಿಂದ ಒಂದೊಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿದರು.

“ಊಹೂಂ. ಕಲ್ಲು.” ಮೊದಲ ಪಾತ್ರೆ ಕೆಳಗಿಟ್ಟರು. “ಇದೂ ಅಷ್ಟೇಯ.” ಮೂರನೆಯದರ ಮುಂದೆ ಸ್ವಲ್ಪ ನಿಂತರು. “ಇದ್ರಲ್ಲಂತೂ ಸವಳು ವಾಸ್ನೆ. ಹೊನ್ನಕ್ಕನ ಮನೆ ನೀರು ಹಿಂಗೇ ಇತ್ತು.”

ಸುಮನಾ ಗಂಡನನ್ನು ನೋಡಿದಳು. ನಿಜ ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ಅವನು. ಅವನು ಪಾತ್ರೆ ನೋಡಿದ, ತಾಯಿಯನ್ನು ನೋಡಿದ. ಒಲೆಯ ಬೆಂಕಿ ಸಣ್ಣ ಮಾಡುತ್ತಾ ಹೇಳಿದ:

“ಹೌದವ್ವ. ಮೈಸೂರು ನೀರು ಗಡಸೇ.”

ಆ ದಿನ ಮಧ್ಯಾಹ್ನ ಅದೇ ಬೇಳೆಯ ಸಾರಾಯಿತು. ಆ ‘ಬೇಯದ’ ಬೇಳೆಯ ಸಾರನ್ನು ರೇಣುಕಾಪ್ರಸಾದ ಎರಡು ಸಲ ಹಾಕಿಸಿಕೊಂಡ. ಸುಮನಾ ಬಡಿಸಿದಳು. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು, ತನ್ನದಲ್ಲ, ಅವನದು.

೬

ಇಲ್ಲಿ ಕತೆ ನಿಂತಿತು. ಅಂಗಡಿಗೆ ಹೋಗಬೇಕಾದ ರೇಣುಕಾಪ್ರಸಾದ ನನ್ನ ಹತ್ತಿರ ಬಂದು ಕೂತ.

“ಆ ‘ಗಡಸೇ’ ಅನ್ನೋ ಒಂದು ವಾಕ್ಯ ತೆಗೀರಿ ಮಾರಾಯ್ರೆ. ಉಳಿದದ್ದೆಲ್ಲ ಇರ್ಲಿ. ವಾಂತಿ ಮಾಡಿದ್ದೂ ಇರ್ಲಿ.”

“ನೀನೇ ಹೇಳಿದ್ದಲ್ಲವೇ?”

“ಬರೆದೋರು ನೀವಲ್ವ? ನನ್ ಬಾಯಿಗೆ ನೀವು ಹಾಕಿದ್ದು.” ಅವನು ದನಿ ತಗ್ಗಿಸಿದ. “ಅವ್ವನ ಎದುರಿಗೆ ಬಾವಿ ನೀರು ಅಂದಿದ್ರೆ ಅವ್ವಂಗೆ ಹೆಂಗಾಗಿರದು ಹೇಳಿ. ನಾಳೆ ಇವಳು ಹೋದ್ಮೇಲೆ ನಾನು ಆ ಮನೇಲೇ ಇರ್ಬೇಕಲ.”

ಗಮನಿಸಿ: ‘ಇವಳು ಹೋದ ಮೇಲೆ’. ಅವನು ಮೈಸೂರಿಗೆ ಬರುವ ಯೋಚನೆಯನ್ನೇ ಮಾಡಿರಲಿಲ್ಲ. ಇದನ್ನು ನಾನು ಬರೆದದ್ದಲ್ಲ, ಅವನೇ ಬಾಯಿತಪ್ಪಿ ಆಡಿದ್ದು.

೭

ಓದುಗರಿಗೆ ಆಯ್ಕೆ ಇರಲಿ ಎಂದು ಕೊನೆಗಳನ್ನು ಬರೆದು ಸುಮನಾಳಿಗೆ ತೋರಿಸಿದೆ.

ಕೊನೆ ಒಂದು. ಸುಮನಾ ಪಾತ್ರೆ ಇಳಿಸಿ, “ಅತ್ತೆ, ಇದು ನಮ್ಮ ಬಾವಿ ನೀರು,” ಅನ್ನುತ್ತಾಳೆ. ಎಲ್ಲರೂ ಬೆಚ್ಚುತ್ತಾರೆ. “ಹೇಳಿದ್ರೆ ಗೆಲ್ತೀನಿ,” ಅಂದಳು ಅವಳು, “ಆಮೇಲೆ ಗೆದ್ದೋಳ ಜೊತೆ ಆ ಮನೇಲಿ ಯಾರು ಮಾತಾಡ್ತಾರೆ? ಬ್ಯಾಡ.”

ಕೊನೆ ಎರಡು. ವೀರಬಸಮ್ಮನವರಿಗೆ ಮೊದಲೇ ಗೊತ್ತಿತ್ತು. (ಇದನ್ನು ಬರೆಯುವಾಗ ಅವರೇ ಇಣುಕಿ ನೋಡಿ, “ಈ ಮನೆಗೆ ಬಂದಾಗಿಂದ ಕುಡಿದ ನೀರು ನಾಲಿಗೆಗೆ ಗುರ್ತು ಸಿಗಲ್ವಾ? ಮಗ ಎಂತ ಹೇಳ್ತಾನೆ ನೋಡಾನ ಅಂತಿದ್ದೆ,” ಅಂದು ಹೋದರು. ನಂಬುವುದೋ ಬಿಡುವುದೋ ನಿಮಗೆ ಸೇರಿದ್ದು. ಅವರ ದನಿಯಲ್ಲಿ ಗೆದ್ದ ಸಂತೋಷವಂತೂ ಇರಲಿಲ್ಲ.)

ಕೊನೆ ಮೂರು. ಸುಮನಾ ಕೊಪ್ಪದ ಕಾಲೇಜಿನಲ್ಲೇ ಉಳಿದು, ಗಡಸು ನೀರಿನ ಪಾಠ ಮಾಡುವಾಗ ಕಣ್ಣು ಒರೆಸಿಕೊಳ್ಳುತ್ತಾಳೆ. ಇದು ನನಗೆ ಬಹಳ ಇಷ್ಟವಾಗಿತ್ತು.

ಸುಮನಾ ಕಾಗದ ಮಡಚಿ ನನಗೇ ಕೊಟ್ಟಳು. “ಮೂರು ಮನೆ ತೋರ್ಸಿದ್ರಿ, ಮೂರಕ್ಕೂ ಒಂದೊಂದು ಕೊಂಕು. ಮೂರು ಕೊನೆ ತೋರ್ಸಿದ್ರಿ, ಒಂದ್ರಲ್ಲೂ ನನ್ನ ಮೈಸೂರು ಬಸ್ ಹತ್ತಿಸ್ಲಿಲ್ಲ. ನೀವೂ ನಮ್ಮನೆಯೋರೇ ಬಿಡಿ ಸಾರ್.”

 ಅವಳು ಹೋದಮೇಲೆ ಹೊಸ ಹಾಳೆ ತೆಗೆದೆ.

೮

ಕೊಪ್ಪದ ಬಸ್‌ಸ್ಟ್ಯಾಂಡು. ದಿನಾ ಇಳಿಯುವ ಹಾಗೆ ಸುಮನಾ ಇಳಿದಿದ್ದಾಳೆ. ದಿನದ್ದಕ್ಕಿಂತ ಬ್ಯಾಗು ದೊಡ್ಡದು. ಕಾಲೇಜಿಗೆ ಹೋಗುವ ದಾರಿ ಬಲಗಡೆಗಿದೆ. ಶೃಂಗೇರಿಯಿಂದ ಮೈಸೂರಿಗೆ ಹೋಗುವ ಬಸ್ಸು ಬಂದು ಎಡಗಡೆ ನಿಂತಿದೆ, ಡ್ರೈವರ್ ಕಾಫಿಗೆ ಹೋಗಿದ್ದಾನೆ. ‘ಅವಳು ಬಲಕ್ಕೆ’ ಎಂದು ಬರೆದೆ. ಅವಳು ಕದಲಲಿಲ್ಲ. ‘ಅವಳು ಎಡಕ್ಕೆ’ ಎಂದು ಬರೆದೆ. ಆಗಲೂ ಕದಲಲಿಲ್ಲ. ನಾನು ಪೆನ್ನು ಕೆಳಗಿಡುವುದನ್ನೇ ಅವಳು ಕಾಯುತ್ತಿದ್ದ ಹಾಗಿತ್ತು. ಇಟ್ಟೆ.

ಹಾಗಾಗಿ ಮುಂದಿನದು ನನಗೆ ಕಾಣಲಿಲ್ಲ. ಬಸ್ಸು ಹೊರಟ ಸದ್ದು ಮಾತ್ರ ಕೇಳಿತು.

ಆಗ ಫೋನು ಬಂತು. ರೇಣುಕಾಪ್ರಸಾದ.

“ಸಾರ್, ಆ ವಾಕ್ಯ ತೆಗೀತೀರಲ್ಲ?”

“ನೋಡಾನ,” ಅಂದೆ.

ಅವನು ನಮ್ಮ ಕಡೆಯವನೇ. ಅರ್ಥ ಮಾಡಿಕೊಂಡು ಫೋನಿಟ್ಟ.